ಬೀಗದ ಮನೆಗಳ ಕೊಟ್ರಪ್ಪ

ಕೊಟ್ರಪ್ಪನಿಗೆ ಕುಂತಲ್ಲಿ ಕೂರುವುದು ಗೊತ್ತಿರಲಿಲ್ಲ. ಬೆಟಗೇರಿಯ ಚಹಾದಂಗಡಿಯಲ್ಲಿ ಅರ್ಧ ಕಪ್ಪು ಚಹಾ ಕುಡಿದು, ಉಳಿದರ್ಧಕ್ಕೆ ಪುರುಸೊತ್ತಿಲ್ಲದೆ ಎದ್ದು ಹೋಗುವ ಆಸಾಮಿ. ಮದುವೆಯ ಪಂಕ್ತಿಯಲ್ಲಿ ಕುಳಿತರೂ ಅವನ ಕಣ್ಣು ಎದುರು ಸಾಲಿನ ಬಾಗಿಲುಗಳ ಮೇಲೆಯೇ. ಎಲ್ಲಾದರೂ ಬೀಗ ಕಂಡಿತೋ, ಕೈ ತೊಳೆದವನೇ ಹೋಗಿ ಅದನ್ನು ಮುಟ್ಟಿ ನೋಡಬೇಕು. ತುಕ್ಕು ಹಿಡಿದಿದೆಯೇ, ಕೀಲಿಯ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿದೆಯೇ, ಹೊಸ್ತಿಲ ಮುಂದೆ ಹುಲ್ಲು ಬೆಳೆದಿದೆಯೇ? ಇಷ್ಟಾದ ಮೇಲೆ ಪಕ್ಕದ ಮನೆಯವರನ್ನು ಮಾತಿಗೆ ಎಳೆಯುತ್ತಿದ್ದ. "ಈ ಮನ್ಯಾವ್ರು ಈಗ ಎಲ್ಲಿ ಅದಾರ್ರಿ?"

ಅದೇ ಅವನ ಉದ್ಯೋಗ. ಎಪ್ಪತ್ತರ ದಶಕದಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿಗಳಲ್ಲಿ ಬೀಗ ಬಿದ್ದ ಮನೆಗಳಿಗೆ ಕೊರತೆಯಿರಲಿಲ್ಲ. ನೌಕರಿಗೆಂದು ಹುಬ್ಬಳ್ಳಿ, ಪುಣೆ, ಸೊಲ್ಲಾಪುರ ಸೇರಿದವರ ಮನೆಗಳು, ಅಣ್ಣತಮ್ಮಂದಿರು ಬೇರೆಯಾಗಿ ಯಾರಿಗೂ ಬೇಡವಾದ ಮನೆಗಳು. ಅಂಥದನ್ನು ಕಡಿಮೆಗೆ ಹಿಡಿದು, ರಿಪೇರಿ ಮಾಡಿಸಿ, ವರ್ಷ ತುಂಬುವುದರೊಳಗೆ ಮಾರಿ, ಮುಂದಿನ ಬೀಗಕ್ಕೆ ಕೈ ಹಾಕುವುದು. ಜನ ಅವನನ್ನು ಬೀಗದ ಕೊಟ್ರಪ್ಪ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು.

ಈ ಉದ್ಯೋಗದ ಪಾಠಗಳನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೊಂದನ್ನೂ ಕೈ ಸುಟ್ಟುಕೊಂಡೇ ಕಲಿತಿದ್ದ. ಮೊದಲ ಮನೆಯನ್ನು ಬೆಟಗೇರಿಯಲ್ಲಿ ಬಿರುಬೇಸಿಗೆಯಲ್ಲಿ ಕೊಂಡ. ಸುಣ್ಣ ಬಳಿಸಿ ಥಳಥಳ ಮಾಡಿ, ಗಿರಾಕಿಯನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಡುವ ಹೊತ್ತಿಗೆ ಮೊದಲ ಮಳೆ ಹೊಡೆಯಿತು. ಮಣ್ಣಿನ ಮಾಳಿಗೆ ಸೋರಿ ಕೆಸರು ನೆಟ್ಟಗೆ ಗಿರಾಕಿಯ ಟೋಪಿಯ ಮೇಲೆ. ಪುಣ್ಯಾತ್ಮ ಚಹಾ ಮುಗಿಸುವ ತನಕವೂ ನಿಲ್ಲಲಿಲ್ಲ. ಅಂದಿನಿಂದ ಮನೆ ನೋಡುವುದೇನಿದ್ದರೂ ಮಳೆಗಾಲದಲ್ಲಿ, ಕೊಳ್ಳುವುದು ಆಷಾಢದಲ್ಲಿ. ಆಷಾಢದಲ್ಲಿ ಯಾರೂ ಹೊಸ ಮನೆಯ ಹೊಸ್ತಿಲು ತುಳಿಯುವುದಿಲ್ಲವಾದ್ದರಿಂದ ಮಾಲಕರ ದನಿ ಮೆತ್ತಗಿರುತ್ತದೆ. ಮಾರುವುದು ದಸರೆ ದೀಪಾವಳಿಗೆ. ಗೋಡೆಯ ಬಣ್ಣ ನೋಡಬೇಡ, ಬುಡ ನೋಡು ಎಂದು ಗಾರೆ ಕೆಲಸದ ಗೌಂಡಿ ಮಾಶಾಕ ಹೇಳಿದ್ದು ಒಂದು ಗೋಡೆ ಕುಸಿದ ಮೇಲೆ. ಪಾಲುದಾರರಾದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೋ ಇಲ್ಲವೋ ಎಂದು ಮೊದಲು ವಿಚಾರಿಸಬೇಕು ಎಂಬುದನ್ನು ಮುಂಡರಗಿಯ ಒಂದು ಮನೆ ಕೋರ್ಟಿಗೆ ಅಲೆಸಿ ಕಲಿಸಿತು.

ಎಲ್ಲಕ್ಕಿಂತ ದೊಡ್ಡ ಪಾಠ ಮಾಲಕರನ್ನು ಹಿಡಿಯುವುದು. ಎದುರು ಹೋಗಿ ಕೇಳಿದರೆ, ಹತ್ತು ವರ್ಷ ನೆನಪಿಗೇ ಬಾರದ ಮನೆ ಒಮ್ಮೆಲೇ ಅಜ್ಜನ ಅರಮನೆಯಾಗಿಬಿಡುತ್ತಿತ್ತು. ಪೋಸ್ಟ್ ಕಾರ್ಡು ಹಾಗಲ್ಲ. ಗೋಡೆಯ ಗೂಡಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮಗಳ ಲಗ್ನ ಗೊತ್ತಾದ ದಿನ ಮನೆಯವರೇ ಅದನ್ನು ಹುಡುಕಿ ತೆಗೆಯುತ್ತಾರೆ. ಅದಕ್ಕೇ ಉತ್ತರ ಬರಲಿ ಬಿಡಲಿ, ಯುಗಾದಿಗೊಂದು ದಸರೆಗೊಂದು ಕಾರ್ಡು ಎಲ್ಲ ವಿಳಾಸಗಳಿಗೂ ಹೋಗುತ್ತಿತ್ತು.

ಬರೆಯುವವಳು ಹೆಂಡತಿ ರೇಣುಕವ್ವ. ಕೊಟ್ರಪ್ಪನ ಅಕ್ಷರ ಅವನಿಗೇ ಮರುದಿನ ತಿಳಿಯುತ್ತಿರಲಿಲ್ಲ. ಅವಳು ಹೊಳೆದಂಡೆಯ ಕೊರ್ಲಹಳ್ಳಿಯವಳು, ಏಳನೆಯ ಇಯತ್ತೆ ಮುಗಿಸಿದವಳು, ಮುತ್ತು ಪೋಣಿಸಿದಂಥ ಅಕ್ಷರ. ಅವನು ಪಡಸಾಲೆಯಲ್ಲಿ ಶತಪಥ ತಿರುಗುತ್ತ ಹೇಳುವುದು, ಅವಳು ಕುಳಿತು ಬರೆಯುವುದು ಎಂದು ಮೊದಲು ಮಾತಾಗಿತ್ತು. ಮೊದಲ ಕಾರ್ಡಿಗೆ ಅವನು ಹೇಳಿದ್ದು, "ನಿಮ್ಮ ಮನಿ ಬಿದ್ದು ಹೋಗೂದರೊಳಗ ಮಾರ್ರಿ" ಎಂದು.

ರೇಣುಕವ್ವ ಪೆನ್ನು ಕೆಳಗಿಟ್ಟಳು. "ಹಿಂಗ ಬರದ್ರ ಮಂದಿ ಕಾಲಾಗಿನ ಚಪ್ಪಲಿ ಕೈಗೆ ತಗೋತಾರ. ನಾ ಬರೀತೀನಿ, ನೀವು ಸುಮ್ನಿರ್ರಿ."

ಅವಳು ಬರೆದದ್ದು ಇಷ್ಟು: "ನಿಮ್ಮ ಮನಿಯೊಳಗ ದೀಪ ಹಚ್ಚುವವರಿಲ್ಲ ಎಂದು ತಿಳಿಯಿತು. ಕೊಡುವ ಮನಸ್ಸಿದ್ದರ ತಿಳಿಸಿರಿ. ದೀಪ ನಾವು ಹಚ್ಚತೀವಿ." ಆ ಕೊನೆಯ ಮಾತಿಗೆ ಉತ್ತರಗಳು ಬರತೊಡಗಿದವು. ಕೊಟ್ರಪ್ಪ ಮತ್ತೆ ಕಾರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಬರೆದಿಟ್ಟ ಕಂತೆಯನ್ನು ಎತ್ತಿಕೊಂಡು ಟಪಾಲು ಡಬ್ಬಿಗೆ ಹಾಕಿ ಬರುವುದಷ್ಟೇ ಅವನ ಕೆಲಸ.

ದೀಪ ಹಚ್ಚುವುದು ಬರೀ ಮಾತಾಗಿರಲಿಲ್ಲ, ಅದೇ ಅವನ ಕಸುಬಿನ ಗುಟ್ಟು. ವರ್ಷಗಟ್ಟಲೆ ಬೀಗ ಬಿದ್ದ ಮನೆಯ ಬಗ್ಗೆ ಓಣಿಯ ಜನ ಇಲ್ಲದ್ದು ಹುಟ್ಟಿಸಿರುತ್ತಾರೆ. ಅಲ್ಲಿ ಯಾರೋ ಗೆಜ್ಜೆ ಕಟ್ಟಿ ನಡೆಯುತ್ತಾರೆ, ಅಲ್ಲಿ ಹೊಕ್ಕವರಿಗೆ ಏಳಿಗೆಯಿಲ್ಲ. ಎಷ್ಟು ಸುಣ್ಣ ಬಳಿದರೂ ಅಂಥ ಮನೆಗೆ ಗಿರಾಕಿ ಬರುವುದಿಲ್ಲ. ಆದ್ದರಿಂದ ಕೊಟ್ರಪ್ಪ ತನ್ನ ಸಂಸಾರವನ್ನೇ ಅಲ್ಲಿಗೆ ತಂದು ಇಳಿಸುತ್ತಿದ್ದ. ರೇಣುಕವ್ವ ಹಾಲು ಉಕ್ಕಿಸಿ, ಜಗಲಿಯ ಮೇಲೆ ದೇವರನ್ನಿಟ್ಟು, ಸಂಜೆ ದೀಪ ಹಚ್ಚುವಳು. ಹಬ್ಬಕ್ಕೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚುವಳು. ಮೂರ್ನಾಲ್ಕು ತಿಂಗಳಲ್ಲಿ ಆ ಮನೆ 'ರೇಣುಕವ್ವನ ಮನಿ' ಆಗುತ್ತಿತ್ತು. ಆಗ ಗಿರಾಕಿ ಬರುತ್ತಿದ್ದ, ಚಕ್ಕಡಿಯೂ ಬರುತ್ತಿತ್ತು.

ಚಕ್ಕಡಿಗೆ ಸಾಮಾನು ಹೇರಿ ಹೇರಿ ರೇಣುಕವ್ವನ ಮೈ ಸೋತಿತ್ತು. ನೆಟ್ಟ ಕರಿಬೇವು ಒಮ್ಮೆಯೂ ಅವಳ ಒಗ್ಗರಣೆಗೆ ಬಂದಿರಲಿಲ್ಲ. ಮಗಳು ನೀಲಾಳನ್ನು ಹೊಸ ಸಾಲಿಯಲ್ಲಿ ನಿಮ್ಮೂರು ಯಾವುದು ಎಂದು ಕೇಳಿದರೆ ಅವಳು ಮನೆಗೆ ಬಂದು ಕೇಳುತ್ತಿದ್ದಳು, "ಯವ್ವಾ, ಈ ವರ್ಷದ್ದು ಹೇಳ್ಲೋ, ಹ್ವಾದ ವರ್ಷದ್ದೋ?" ಕೊಟ್ರಪ್ಪ ನಗುತ್ತಿದ್ದ. ರೇಣುಕವ್ವ ನಗುತ್ತಿರಲಿಲ್ಲ.

ಎಂಬತ್ತೊಂದರ ಆಷಾಢದಲ್ಲಿ ಅವರು ಲಕ್ಷ್ಮೇಶ್ವರದ ಒಂದು ಮನೆ ಕೊಂಡು ಶ್ರಾವಣಕ್ಕೆ ಹೊಕ್ಕರು. ಅದು ತುಳಸಾಬಾಯಿ ಎಂಬ ನಿವೃತ್ತ ಮಾಸ್ತರಬಾಯಿಯದು. ಆಕೆ ಮಿರಜದಲ್ಲಿ ತಂಗಿಯ ಸಂಸಾರದ ಜೊತೆ ಸುಖವಾಗಿಯೇ ಇದ್ದರು. ಹೆಚ್ಚಿಗೆ ಕೊಡುವವರು ಬೇರೆ ಇದ್ದರೂ ಮನೆ ಕೊಟ್ಟದ್ದು ಕೊಟ್ರಪ್ಪನಿಗೆ. ಖರೀದಿ ಪತ್ರದ ದಿನ ರೇಣುಕವ್ವನ ಕೈ ಹಿಡಿದು, "ದೀಪ ಹಚ್ಚತೀವಿ ಅಂತ ಬರದಿಯಲ್ಲ, ಅದಕ್ಕ ಕೊಟ್ಟೆ ನೋಡವಾ" ಎಂದಿದ್ದರು. ಆಮೇಲೆ ಇಬ್ಬರಿಗೂ ಟಪಾಲಿನಲ್ಲೇ ಗೆಳೆತನ ಬೆಳೆಯಿತು. ಮುಂಜಾನೆ ಬೆಳಕಿಂಡಿಯ ಬಿಸಿಲು ಒಳಕಲ್ಲಿನ ತನಕ ಈಗಲೂ ಬರುತ್ತದೋ ಎಂದು ಆಕೆ ಕೇಳುವರು. ಬರುತ್ತದೆ, ಅದರ ಮುಂದೆ ಕುಳಿತೇ ರುಬ್ಬುತ್ತೇನೆ ಎಂದು ಇವಳು ಬರೆಯುವಳು. ರೇಣುಕವ್ವನಿಗೆ ಆ ಅಡುಗೆಮನೆ ಎಷ್ಟು ಹಿಡಿಸಿತೆಂದರೆ, ಮದುವೆಯಾದ ಮೇಲೆ ಮೊದಲ ಸಲ ಗೋಡೆಗೆ ಮೊಳೆ ಹೊಡೆದು ತವರಿನಿಂದ ತಂದ ಕನ್ನಡಿ ತೂಗಿಹಾಕಿದಳು.

ಮೊಳೆ ಕಂಡು ಕೊಟ್ರಪ್ಪನಿಗೆ ಒಳಗೇ ಚುಳುಕ್ ಎಂದಿತು. ಯಾಕೆಂದರೆ ಅಷ್ಟರಲ್ಲಿ ಅವನು ಮೆಣಸಿನಕಾಯಿ ವ್ಯಾಪಾರಿ ಪುಂಡಲೀಕಪ್ಪನಿಗೆ ಮಾತು ಕೊಟ್ಟು ಮುಂಗಡ ಹಿಡಿದಾಗಿತ್ತು. ಪುಂಡಲೀಕಪ್ಪನಿಗೆ ಬೇಕಾದದ್ದು ಗೋದಾಮು. ಅಡುಗೆಮನೆಯ ಗೋಡೆ ಒಡೆದರೆ ಹಿಂದಿನ ಹಾದಿಯಿಂದ ಚಕ್ಕಡಿ ಸೀದಾ ಒಳಗೆ ಬರುತ್ತದೆ.

ಊಟಕ್ಕೆ ಕುಳಿತಾಗ ಹೇಳಿದ. ರೇಣುಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾವ ಮನಿ ಮಾರಿದಾಗೂ ನಾ ಒಂದ ಮಾತ ಅಂದಿಲ್ಲ. ಇದೊಂದ ಬಿಡ್ರಿ."

"ಮಾತ ಕೊಟ್ಟಬಿಟ್ಟೀನಿ. ಪ್ಯಾಟ್ಯಾಗ ಬೀಗದ ಕೊಟ್ರಪ್ಪ ಮಾತ ತಿರಗಿಸಿದಾ ಅಂತ ಇನ್ನೂತನಕಾ ಯಾರೂ ಅಂದಿಲ್ಲ."

"ತುಳಸಾಬಾಯಿ ಅಕ್ಕೋರಿಗೂ ಮಾತ ಕೊಟ್ಟೈತಿ. ಅದನ್ನ ನಿಮ್ಮ ಸಲುವಾಗಿ ನಾ ಬರದೀನಿ. ಯಾವುದು ಮೊದಲಿಂದು?"

"ಅದು ಕಾರ್ಡಿನ್ಯಾಗ ಬರಿಯೂ ಮಾತು. ವ್ಯಾಪಾರದ ಮಾತು ಬ್ಯಾರೆ."

ರೇಣುಕವ್ವ ಬೆಂದ ರೊಟ್ಟಿಯನ್ನು ಅವನ ತಾಟಿಗೆ ಹಾಕಿ, "ಹಂಗಾರ ಇನ್ನ ಮುಂದ ಕಾರ್ಡು ನೀವ ಬರಕೊಳ್ರಿ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಅರ್ಧ ಊಟಕ್ಕೇ ಎದ್ದು ಹೋದ.

ದಸರೆ ಹತ್ತಿರ ಬಂದಿತ್ತು, ಕಾರ್ಡು ಹೋಗಲೇಬೇಕಿತ್ತು. ಹಟಕ್ಕೆ ಬಿದ್ದ ಕೊಟ್ರಪ್ಪ ಗದಗಿಗೆ ಹೋಗಿ ಒಂದು ಛಾಪಖಾನೆಯಲ್ಲಿ ಕಾರ್ಡು ಅಚ್ಚು ಹಾಕಿಸಿದ. ಮಜಕೂರನ್ನು ನಿಂತ ಕಾಲಲ್ಲೇ ಹೇಳಿದ: "ನಿಮ್ಮ ಮನೆ ಮಾರುವುದಿದ್ದರೆ ಕೂಡಲೇ ತಿಳಿಸಿರಿ. ಕೊಟ್ರಪ್ಪ, ಲಕ್ಷ್ಮೇಶ್ವರ." ದೀಪದ ಮಾತು ಬಿಟ್ಟ. ಛಾಪಖಾನೆಯವರು, "ಮ್ಯಾಲೆ ಏನರ ಹಾಕೂದೈತೇನ್ರಿ?" ಎಂದು ಕೇಳಿದ್ದು ನಿಜ. "ಮ್ಯಾಲಿಲ್ಲ ಕೆಳಗಿಲ್ಲ, ಜಲ್ದಿ ಮಾಡ್ರಿ" ಎಂದು ಗಡಿಬಿಡಿ ಮಾಡಿದವನು ಇವನೇ. ವಿಳಾಸಗಳನ್ನು ತನ್ನ ಕಾಗೆ ಕಾಲಿನ ಅಕ್ಷರದಲ್ಲಿ ತಾನೇ ಗೀಚಿ, ಯಾರಿಗೆ ಬೇಕು ಯಾರಿಗೆ ಬೇಡ ಎಂದು ನೋಡದೆ, ಮನೆಯಲ್ಲಿದ್ದ ವಿಳಾಸಗಳಿಗೆಲ್ಲ ಕಳಿಸಿಬಿಟ್ಟ. ಹೆಂಡತಿ ಇಲ್ಲದೆಯೂ ಕಸುಬು ನಡೆಯುತ್ತದೆ ಎಂದು ತೋರಿಸಿದ ಖುಷಿಯಲ್ಲಿ ಅವತ್ತು ಇಡೀ ಕಪ್ಪು ಚಹಾ ಕುಡಿದ.

ನಾಲ್ಕಾರು ದಿನ ಕಳೆಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಶಿರಹಟ್ಟಿಯ ಅನಂತ ಎಂಬ ಗುಮಾಸ್ತ ಅವನ ಅಂಗಿ ಹಿಡಿದು ನಿಲ್ಲಿಸಿದ. ಗದಗಿನಲ್ಲಿ ಅವನ ಅಜ್ಜನ ಮನೆಗೆ ಬೀಗ ಬಿದ್ದಿತ್ತು. ವರ್ಷಕ್ಕೆರಡು ಕಾರ್ಡು ಅವನಿಗೂ ಹೋಗುತ್ತಿತ್ತು.

"ಏನ್ರೀ, ಯಾರು ಸತ್ತಾರ್ರೀ ನಿಮ್ಮ ಮನ್ಯಾಗ?"

"ಯಾರ ಸತ್ತಾರ? ಯಾರೂ ಇಲ್ಲ!"

"ಮತ್ತ ತಲಿ ಮ್ಯಾಲೆ ಶ್ರೀ ಇಲ್ಲದ ಕಾರ್ಡು ಯಾಕ ಹಾಕೀರಿ? ಹೋಳಿಗಿ ಕಟ್ಟು ಒಲಿ ಮ್ಯಾಲಿತ್ತು. ಕಾರ್ಡು ನೋಡಿದಾಕೀನೇ ನಮ್ಮವ್ವ ಓದದನ ಹೊಸ್ತಿಲ ಹೊರಗ ಹರದು ಒಗದ್ಲು. ಮನೀ ಮಂದೆಲ್ಲಾ ತಣ್ಣೀರ ಸುರಕೊಂಡ್ವಿ, ಅಡಿಗಿ ಆಕಳಿಗೆ ಹಾಕಿದ್ವಿ. ಯಾರು ಹ್ವಾದ್ರು ಅಂತ ತಿಳೀವಲ್ದು, ಬಾಗಲಕೋಟಿ ಸೋದರಮಾವಗ ತಾರು ಬ್ಯಾರೆ ಕೊಟ್ವಿ. ಆಮ್ಯಾಲೆ ಚೂರು ಜೋಡಿಸಿ ಓದಿದ್ರ, ಮನಿ ಮಾರೂದಿದ್ದರ ತಿಳಸ್ರಿ ಅಂತ!"

ಸುತ್ತಲಿನ ಜನ ಬಿದ್ದು ಬಿದ್ದು ನಕ್ಕರು. ಕೊಟ್ರಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಸಾವಿನ ಸುದ್ದಿಯ ಕಾಗದಕ್ಕೆ ಮಾತ್ರ ಮೇಲೆ ಶ್ರೀ ಬರೆಯುವುದಿಲ್ಲ, ಅದನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಹರಿದು ಮೈ ತೊಳೆದುಕೊಳ್ಳುತ್ತಾರೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿಲ್ಲದ್ದು ಬೇರೆ. ಇಷ್ಟು ವರ್ಷ ಅವನ ಒಂದೊಂದು ಕಾರ್ಡಿನ ನೆತ್ತಿಯ ಮೇಲೂ ರೇಣುಕವ್ವ ಶ್ರೀ ಬರೆದು, ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ ಕೊಡುತ್ತಿದ್ದಳು. ಅವನು ಒಮ್ಮೆಯೂ ಹೇಳಿರಲಿಲ್ಲ, ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಿಂದ ಅವನಿಗೆ ನಿಂತ ನೆಲ ಬಿಸಿಯಾಯಿತು. ಮನೆಗೆ ಬಂದವನು ಅದನ್ನು ಹೆಂಡತಿಯಿಂದ ಮುಚ್ಚಿಟ್ಟ.

ಮರುದಿನ ಪುಂಡಲೀಕಪ್ಪ ಒಬ್ಬ ಗೌಂಡಿಯನ್ನು ಕರೆದುಕೊಂಡು ಅಡುಗೆಮನೆಯ ಗೋಡೆ ಅಳೆಯಲು ಬಂದ. ಟೇಪು ಹಿಡಿದು ಅಳೆಯುತ್ತಿರುವಾಗ ಹೊರಗೆ ಟಾಂಗಾ ನಿಂತ ಸಪ್ಪಳವಾಯಿತು. ಕೊಟ್ರಪ್ಪ ಇಣುಕಿದ. ತುಳಸಾಬಾಯಿ ಇಳಿಯುತ್ತಿದ್ದರು. ಮಿರಜದಿಂದ ರೈಲಿನಲ್ಲಿ ಯಲವಿಗಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬಂದಿದ್ದರು. ಕಣ್ಣುಗಳು ಅತ್ತು ಅತ್ತು ಬಾತಿದ್ದವು. ಅದೇ ಹೊತ್ತಿಗೆ ಸೇದುವ ಬಾವಿಯಿಂದ ಕೊಡ ಹೊತ್ತು ರೇಣುಕವ್ವ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಳು. ತುಳಸಾಬಾಯಿ ಅವಳನ್ನು ನೋಡಿದವರೇ ಕೈಯಲ್ಲಿದ್ದ ಚೀಲ ಬಿಟ್ಟು ಕಟ್ಟೆಯ ಮೇಲೆ ಕುಸಿದು ಕುಳಿತರು.

"ಅಯ್ಯ ನನ್ನ ತಾಯಿ, ನೀ ಅದೀಯಾ!"

"ಏನಾತ್ರಿ ಅಕ್ಕೋರ?" ರೇಣುಕವ್ವ ಕೊಡ ಇಳಿಸಿ ಓಡಿಬಂದಳು.

"ಕಾರ್ಡು ಬಂತಲ್ಲಾ! ಮ್ಯಾಲೆ ಶ್ರೀ ಇಲ್ಲ, ಅರಿಷಿಣ ಇಲ್ಲ, ನಿನ್ನ ಅಕ್ಷರ ಇಲ್ಲ, ಕೆಳಗ ಇವರ ಹೆಸರು. ಇನ್ನೇನ ಓದೂದು? ತಂಗಿ ಬಾಗಲದಾಗನ ಹರದ್ಲು. ನೀನ ಹೋದಿ ಅಂತ ತಿಳಕೊಂಡು ಬಂದೇನಿ. ಮಗಳು ಸಣ್ಣದು, ಇನ್ನ ಆ ಮನ್ಯಾಗ ದೀಪ ಯಾರು ಹಚ್ಚತಾರ ಅಂತ ಹಾದಿ ತುಂಬ ಅದೇ ಚಿಂತಿ."

ಇಬ್ಬರೂ ಕೈ ಕೈ ಹಿಡಿದು ಅತ್ತರು, ನಕ್ಕರು. ಕೊಟ್ರಪ್ಪ ಕಂಬದ ಹಿಂದೆ ಕಳ್ಳನಂತೆ ನಿಂತಿದ್ದ. ಒಳಗಿನಿಂದ ಪುಂಡಲೀಕಪ್ಪನ ದನಿ ಕೇಳಿತು. "ಈ ಒಳಕಲ್ಲು ಮೊದಲ ಕಿತ್ತ ಒಗೀಬೇಕು ನೋಡು, ಚಕ್ಕಡಿಗಾಲಿಗೆ ಅಡ್ಡ ಬರತೈತಿ."

ತುಳಸಾಬಾಯಿ ತಲೆ ಎತ್ತಿದರು. "ಒಳಗ ಯಾರು?"

"ಗ್ವಾಡಿ ಒಡೀತಾರಂತ್ರಿ" ಎಂದಳು ರೇಣುಕವ್ವ. "ಮೆಣಸಿನಕಾಯಿ ಗೋದಾಮ ಆಗತೈತಿ."

ತುಳಸಾಬಾಯಿ ಬಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಬೈದಿದ್ದರೆ ಕೊಟ್ರಪ್ಪನಿಗೆ ಹಗುರಾಗುತ್ತಿತ್ತು. ಆಕೆ ಅವನ ಕಡೆ ನೋಡಲೇ ಇಲ್ಲ.

"ಮಾರಿದ ಮನಿ, ನಾ ಏನನ್ನಲಿ. ಆದ್ರ ರೇಣುಕವ್ವಾ, ಆಗೂದಿಲ್ಲದ್ದನ್ನ ನೀ ಹಂಗ ಯಾಕ ಬರದಿದ್ದಿ ನಂಗ?"

ರೇಣುಕವ್ವ ತಲೆ ತಗ್ಗಿಸಿದಳು. ಎಷ್ಟು ಮನೆ ಹೊಕ್ಕು ಬಿಟ್ಟರೂ ತಗ್ಗದ ಆ ತಲೆ ತನ್ನದಲ್ಲದ ಸುಳ್ಳಿಗೆ ತಗ್ಗಿದ್ದನ್ನು ಕೊಟ್ರಪ್ಪ ಕಣ್ಣಾರೆ ಕಂಡ. ಎದೆಯಲ್ಲಿ ಯಾರೋ ಹಾರೆ ಹಾಕಿ ಮೀಟಿದಂತಾಯಿತು. ಆದರೂ ಅವನು ಮಾಡಿದ್ದು ಯಾವಾಗಲೂ ಮಾಡುವುದನ್ನೇ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಆ ಸಂಜೆ ತುಳಸಾಬಾಯಿ ತಾವೇ ಜಗಲಿಯ ದೀಪ ಹಚ್ಚಿದರು. ಮರುದಿನ ಮಿರಜಕ್ಕೆ ಹೊರಟರು. ಕೊಟ್ರಪ್ಪ ಬಸ್ಸಿನ ತನಕ ಚೀಲ ಹೊತ್ತ.

ಆಮೇಲೆ ಅವನು ಊರೂರು ತಿರುಗಿದ. ಶಿರಹಟ್ಟಿಯಲ್ಲಿ ಒಂದು ಬೀಗ, ಬೆಳ್ಳಟ್ಟಿಯಲ್ಲಿ ಇನ್ನೊಂದು. ಮುಟ್ಟಿ ನೋಡಿದ, ಪಕ್ಕದವರನ್ನು ಮಾತ್ರ ಕೇಳಲು ಮನಸ್ಸಾಗಲಿಲ್ಲ. ಬಸ್ಸಿನಿಂದ ಇಳಿಯುವನು, ಮತ್ತೊಂದು ಬಸ್ಸು ಹತ್ತುವನು. ಎಲ್ಲಿ ಹೋದರೂ ಆ ತಗ್ಗಿದ ತಲೆ ಬೆನ್ನಿಗೆ ಬರುತ್ತಿತ್ತು.

ಲಕ್ಷ್ಮೇಶ್ವರಕ್ಕೆ ಮರಳಿ ಓಣಿಗೆ ತಿರುಗುತ್ತಿದ್ದಂತೆ ಪೋಸ್ಟಮನ್ ಹೇಮಪ್ಪ ಸೈಕಲ್ ನಿಲ್ಲಿಸಿ, "ನಿಮಗೂ ಯಾರೋ ಕಾರ್ಡ ಹಾಕ್ಯಾರ ನೋಡ್ರಿ" ಎಂದು ನಗುತ್ತ ಕೈಗಿಟ್ಟ. ನಾಲ್ಕು ಮೂಲೆಗೆ ಅರಿಷಿಣ. ನೆತ್ತಿಯ ಮೇಲೆ ಶ್ರೀ. ಕೆಳಗೆ ಮುತ್ತು ಪೋಣಿಸಿದಂಥ ಅಕ್ಷರ.

"ಕೊಟ್ರಪ್ಪನವರಿಗೆ ಶರಣು. ಲಕ್ಷ್ಮೇಶ್ವರದ ನಿಮ್ಮ ಮನಿಯೊಳಗ ನೀವು ಇರುವುದಿಲ್ಲ ಎಂದು ತಿಳಿಯಿತು. ಕೊಡುವ ಮನಸ್ಸಿದ್ದರ ತಿಳಿಸಿರಿ. ನನ್ನ ಕಡೆ ತವರಿನ ಸರ ಒಂದು ಬಿಟ್ಟರ ಬೇರೆ ಇಲ್ಲ. ದೀಪ ನಾವು ಹಚ್ಚತೀವಿ. ರೇಣುಕವ್ವ."

ನಿಂತಲ್ಲೇ ಓದಿದ, ಮತ್ತೆ ಓದಿದ. ಎಷ್ಟು ಮನೆಗಳಿಗೆ ಇಂಥ ಕಾರ್ಡು ಹೋಗಿತ್ತು! ಹಿಡಿದವರಿಗೆ ಹೀಗಾಗುತ್ತದೆಂದು ಅವನಿಗೆ ತಿಳಿದದ್ದು ಇವತ್ತೇ. ಕಾರ್ಡನ್ನು ಜೇಬಿಗಿಟ್ಟು, ಮನೆಯ ಕಡೆ ಹೋಗುವ ಬದಲು ಬಿರಬಿರನೆ ಪೇಟೆಗೆ ನಡೆದ.

ಪುಂಡಲೀಕಪ್ಪ ಅಂಗಡಿಯಲ್ಲಿ ನಾಲ್ಕು ವ್ಯಾಪಾರಿಗಳ ನಡುವೆ ಕುಳಿತಿದ್ದ. ಕೊಟ್ರಪ್ಪ ಮುಂಗಡವನ್ನು ಅವನ ಗಾದಿಯ ಮೇಲಿಟ್ಟು ಕೈ ಮುಗಿದ. "ಮನಿ ಕೊಡಾಕ ಆಗೂದಿಲ್ರಿ. ತಪ್ಪು ನಂದು."

"ಯಾಕ, ಹೆಚ್ಚಿಗಿ ಕೊಡಾವ ಸಿಕ್ಕನೇನು?"

"ಹೂಂ ಅನ್ರಿ. ಇದ್ದದ್ದೆಲ್ಲಾ ಕೊಡಾಕ ನಿಂತಾರ."

"ಬೀಗದ ಕೊಟ್ರಪ್ಪ ಮಾತ ತಿರಗಿಸಿದಾ ಅಂತ ನಾಳೆ ಪ್ಯಾಟಿ ತುಂಬ ಹೇಳತೀನಿ."

"ಹೇಳ್ರಿ" ಎಂದ ಕೊಟ್ರಪ್ಪ. ಹೇಳಿದ ಮೇಲೆ ಕಿವಿಗಳು ಕೆಂಪಾದವು. ಹಿಂದೆ ನಾಲ್ವರೂ ನಕ್ಕದ್ದು ಕೇಳಿಸಿತು. ಆದರೂ ನಿಲ್ಲದೆ ಸೀದಾ ಟಪಾಲು ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡ. ದಾರಕ್ಕೆ ಕಟ್ಟಿದ ಪೆನ್ನಿನಿಂದ, ನಾಲಗೆ ಕಚ್ಚಿಕೊಂಡು, ಸಣ್ಣ ಹುಡುಗರಂತೆ ಬರೆದ. ಬರೆದು ಮುಗಿಸಲು ಹಿಡಿದಷ್ಟು ಹೊತ್ತು ಅವನು ಒಂದೇ ಜಾಗದಲ್ಲಿ ಕುಳಿತದ್ದನ್ನು ಊರವರು ಯಾರೂ ಕಂಡಿರಲಿಲ್ಲ.

ಕೈಗೇ ಕೊಡಬಹುದಿತ್ತು, ಕೊಡಲಿಲ್ಲ. ಡಬ್ಬಿಗೆ ಹಾಕಿದ. ಮರುದಿನ ಹೇಮಪ್ಪ ಬರುವ ಹೊತ್ತಿಗೆ ಅವನು ಪಡಸಾಲೆಗೂ ಕಟ್ಟೆಗೂ ಎಷ್ಟು ಸಲ ಓಡಾಡಿದನೋ, ನೀಲಾಳಿಗೆ ತಲೆ ತಿರುಗಿತು. ರೇಣುಕವ್ವ ಒಳಕಲ್ಲಿನ ಮುಂದೆ ಬಿಸಿಲಿನಲ್ಲಿ ಕುಳಿತು ಮಸಾಲೆ ರುಬ್ಬುತ್ತಿದ್ದಳು. ನೀಲಾ ತಂದುಕೊಟ್ಟ ಕಾರ್ಡು ತೆಗೆದುಕೊಂಡು, ಬಿಸಿಲಿಗೆ ಹಿಡಿದು, ಕಾಗೆ ಕಾಲಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಓದಿದಳು. ಮೇಲೆ ಶ್ರೀ ಇತ್ತು, ಸ್ವಲ್ಪ ಸೊಟ್ಟಗೆ, ಕಾರ್ಡಿನ ಕಾಲು ಭಾಗ ತಿಂದು.

"ರೇಣುಕವ್ವಗ ಶರಣು. ಮನಿ ಕೊಟ್ಟೀನಿ. ಸರ ಬ್ಯಾಡ. ಆ ಮನಿಯೊಳಗ ಇನ್ನೊಬ್ಬಂವಗ ಜಾಗ ಇದ್ದರ ತಿಳಿಸಿರಿ. ಆಂವಗ ಕುಂಡ್ರಾಕ ಬರೂದಿಲ್ಲ, ಕಲೀತಾನ. ಕೊಟ್ರಪ್ಪ."

ಕೊಟ್ರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ರೇಣುಕವ್ವ ಅವನ ಕಡೆ ನೋಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರುಬ್ಬುತ್ತಿದ್ದ ಬೆರಳಿಗೆ ಅರಿಷಿಣ ಹತ್ತಿಕೊಂಡೇ ಇತ್ತು. ಕಾರ್ಡಿನ ನಾಲ್ಕು ಮೂಲೆಗೂ ಒಂದೊಂದು ಬೊಟ್ಟು ಹಚ್ಚಿ, ಎದ್ದು ಹೋಗಿ ಜಗಲಿಯ ಮೇಲೆ ದೇವರ ಪಕ್ಕ ಇಟ್ಟಳು.

"ಇದನ್ನ ಹಚ್ಚೂದ ಮರತಿದ್ರಿ" ಎಂದಳು. "ಬರ್ರಿ, ರೊಟ್ಟಿ ಆರತಾವು. ಕುಂತ ಉಣ್ರಿ."